ಎಲಿಸ್ & ಟಾಮ್: ಕವರ್ ಮೇಲೆ ಎರಡು ಹೆಸರು, ಒಳಗೆ ಮೂರು ಜನ

ಬ್ರೆಜಿಲ್ ಹಾಡುಗಳನ್ನು ಎಲ್ಲಿಂದ ಕೇಳೋಕೆ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ‘ಎಲಿಸ್ & ಟಾಮ್’ ಅಂತ. 1974ರಲ್ಲಿ ಫಿಲಿಪ್ಸ್ ಕಂಪನಿ ತಂದ ಆಲ್ಬಂ ಇದು. ಹಾಡಿದವರು ಎಲಿಸ್ ರೆಜೀನಾ. ಹಾಡುಗಳನ್ನು ಕಟ್ಟಿದವರು, ಕೆಲವು ಕಡೆ ಪಿಯಾನೊ ಮುಂದೆ ಕೂತವರು, ಕೆಲವು ಕಡೆ ಜೊತೆಗೆ ದನಿಗೂಡಿಸಿದವರು ಟಾಮ್ ಜೋಬಿಂ. ಒಟ್ಟು 14 ಹಾಡು, ಎಲ್ಲಾ ಸೇರಿದರೂ 40 ನಿಮಿಷ ಆಗುವುದಿಲ್ಲ.

ಬ್ರೆಜಿಲ್‌ನ ಮೆಲುದನಿಯ ಸಂಗೀತ ಶೈಲಿ ಬೊಸ್ಸಾ ನೋವಾ ಅಂದರೆ ಕೆಫೆಯಲ್ಲಿ ಮಾತಿನ ಹಿಂದೆ ಮೆಲ್ಲಗೆ ಓಡುವ ಸಂಗೀತ ಅಂತಲೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು. ಈ ಆಲ್ಬಂ ಅನ್ನು ಹಾಗೆ ಹಾಕಬೇಡಿ. ಹಾಕಿದರೆ ಚೆನ್ನಾಗೇ ಕೇಳಿಸುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಲ್ಲಿ ನಡೆಯುತ್ತಿರುವುದು ನಿಮಗೆ ಸಿಗುವುದಿಲ್ಲ. ಇದು ಸಂಗೀತ ಹೇಗಿರಬೇಕು ಅನ್ನುವುದರಲ್ಲೇ ಒಪ್ಪದ ಜನ ಒಂದು ಸ್ಟುಡಿಯೊದಲ್ಲಿ ಕೂತು, ಜಗಳ ಆಡಿ, ಪಟ್ಟು ಹಿಡಿದು, ಕೊನೆಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಮಾಡಿದ ಆಲ್ಬಂ. ಆ ಎಳೆದಾಟ ಪ್ರತಿ ಹಾಡಿನಲ್ಲೂ ಇದೆ. ಅದು ಗೊತ್ತಾದ ಮೇಲೆ ಕೇಳುವ ರೀತಿಯೇ ಬದಲಾಗುತ್ತದೆ.

ಮೊದಲು ಈ ಇಬ್ಬರೂ ಯಾರು ಅಂತ ಸ್ವಲ್ಪ ನೋಡೋಣ, ಯಾಕೆಂದರೆ ಇಬ್ಬರ ದಾರಿ ಪೂರ್ತಿ ಬೇರೆ.

ಟಾಮ್ ಹುಟ್ಟಿದ್ದು 1927ರಲ್ಲಿ, ರಿಯೊ ಡಿ ಜನೈರೊದಲ್ಲಿ. ಬೊಸ್ಸಾ ನೋವಾ ಕಟ್ಟಿದವರಲ್ಲಿ ಮೊದಲ ಸಾಲಿನವರು. ‘ದ ಗರ್ಲ್ ಫ್ರಂ ಇಪನೇಮಾ’ ಅಂತ ಪ್ರಪಂಚ ಎಲ್ಲಾ ಗುನುಗುವ ಹಾಡು ಇವರದೇ. 1967ರಲ್ಲಿ ಫ್ರಾಂಕ್ ಸಿನಾತ್ರಾ ಜೊತೆ ಒಂದು ಇಡೀ ಆಲ್ಬಂ ಮಾಡಿದ್ದರು. ಅವರ ಪಿಯಾನೊ ಕೇಳಿದವರಿಗೆ ಗೊತ್ತು, ಈ ಮನುಷ್ಯ ಒಂದು ಸ್ವರದಲ್ಲಿ ಮುಗಿಯುವ ಕೆಲಸಕ್ಕೆ ಎರಡನೇ ಸ್ವರ ಮುಟ್ಟುವವರೇ ಅಲ್ಲ. ತಂತಿ ವಾದ್ಯಗಳು, ಕೊಳಲು, ಮರದ ಪಿಯಾನೊ, ಗಿಟಾರ್, ಮೆಲುದನಿ. ಅವರ ಲೋಕ ಇಷ್ಟೇ. ಕರೆಂಟಿನ ವಾದ್ಯ ಅಂದರೆ ಅವರಿಗೆ ಆಗುತ್ತಿರಲಿಲ್ಲ.

ಎಲಿಸ್ ಇದಕ್ಕೆ ತದ್ವಿರುದ್ಧ. ಹುಟ್ಟಿದ್ದು 1945ರಲ್ಲಿ, ದಕ್ಷಿಣದ ತುದಿಯ ಪೋರ್ಟೊ ಅಲೆಗ್ರೆ ಊರಿನಲ್ಲಿ. ರಿಯೊದ ಕಡಲ ಗಾಳಿಯಲ್ಲಿ ಬೆಳೆದವರಲ್ಲ. 1965ರಲ್ಲಿ ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ‘ಅರಸ್ತಾಂವ್’ ಅನ್ನುವ ಹಾಡಿಗೆ ಎರಡೂ ಕೈಗಳನ್ನು ಈಜುವವರ ಹಾಗೆ ಬೀಸುತ್ತಾ, ಪೂರ್ತಿ ಗಂಟಲು ತೆರೆದು ಹಾಡಿ ಗೆದ್ದರು. ಆಗ ಅವರಿಗೆ ಇಪ್ಪತ್ತೇ ವರ್ಷ. ಅವತ್ತಿನಿಂದ ಇಡೀ ದೇಶಕ್ಕೆ ಪರಿಚಯ. ಕವಿ ವಿನಿಸಿಯಸ್ ಡಿ ಮೊರಾಯಿಸ್ ಎಲಿಸ್‌ಗೆ ‘ಪುಟ್ಟ ಮೆಣಸಿನಕಾಯಿ’ ಅಂತ ಹೆಸರಿಟ್ಟಿದ್ದರು. ಕೋಪಕ್ಕೂ ಸರಿ, ದನಿಗೂ ಸರಿ. ಪಿಸುಮಾತಿನ ಹಾಗೆ ಹಾಡುವ ಬೊಸ್ಸಾ ನೋವಾ ಮಂದಿಗೆ ಈ ಹುಡುಗಿ ಬಂದದ್ದು ಬಿರುಗಾಳಿ ಬಂದ ಹಾಗೆ ಆಗಿತ್ತು.

ಇಂಥವರು ಇಬ್ಬರೂ ಒಂದು ಆಲ್ಬಂನಲ್ಲಿ. ಹೇಗೆ?

ಎಲಿಸ್ ಫಿಲಿಪ್ಸ್ ಸೇರಿ ಹತ್ತು ವರ್ಷ ಆಗುತ್ತಾ ಬಂದಿತ್ತು. ಅದರ ನೆನಪಿಗೆ ಟಾಮ್ ಜೊತೆ ಒಂದು ಆಲ್ಬಂ ಮಾಡಬೇಕು ಅನ್ನುವ ಆಸೆ ಅವರದು, ಕಂಪನಿ ಒಪ್ಪಿತು. ಟಾಮ್ ಆಗ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇದ್ದರು. ಹಾಗಾಗಿ ಎಲಿಸ್ ತಂಡವೇ ವಿಮಾನ ಹತ್ತಿ ಅಲ್ಲಿಗೆ ಹೋಯಿತು. 1974ರ ಫೆಬ್ರವರಿ ಕೊನೆಯಿಂದ ಮಾರ್ಚ್ ಎರಡನೇ ವಾರದವರೆಗೆ, ಎಂಜಿಎಂ ಸ್ಟುಡಿಯೊದಲ್ಲಿ ಕೆಲಸ ನಡೆಯಿತು. ನಿರ್ಮಾಪಕ ಅಲೋಯ್ಸಿಯೊ ಡಿ ಒಲಿವೇರಾ. ಇವರು ಸುಮ್ನೆ ಕೂತು ಲೆಕ್ಕ ನೋಡುವ ನಿರ್ಮಾಪಕ ಅಲ್ಲ, ಈ ಆಲ್ಬಂನ ಎರಡು ಹಾಡಿಗೆ ಸಾಹಿತ್ಯವೂ ಇವರದೇ.

ಎಲಿಸ್ ಆ ಹೊತ್ತಿಗೆ ಮನಸ್ಸಿಗೆ ಏಟು ತಿಂದವರು ಅನ್ನುವುದನ್ನೂ ಇಲ್ಲಿ ಹೇಳಬೇಕು. ಬ್ರೆಜಿಲ್‌ನಲ್ಲಿ 1964ರಿಂದ ಮಿಲಿಟರಿ ಆಡಳಿತ. 1972ರಲ್ಲಿ ಸೈನ್ಯದ ಒಂದು ಕಾರ್ಯಕ್ರಮದಲ್ಲಿ ಎಲಿಸ್ ಹಾಡಿದರು. ಅದಕ್ಕೆ ವ್ಯಂಗ್ಯಚಿತ್ರಕಾರ ಎನ್‌ಫಿಲ್ ‘ಓ ಪಾಸ್ಕಿಮ್’ ಪತ್ರಿಕೆಯಲ್ಲಿ ಅವರನ್ನು ಬದುಕಿರುವಾಗಲೇ ಹೂತುಬಿಟ್ಟ ಹಾಗೆ ಚಿತ್ರ ಬರೆದರು. ಜೊತೆಗೆ, ಈಕೆಯ ದನಿಯಲ್ಲಿ ಕಸರತ್ತು ಜಾಸ್ತಿ, ಜೀವ ಕಡಿಮೆ ಅನ್ನುವ ಮಾತು ಬೇರೆ ಕೇಳಿಬರುತ್ತಿತ್ತು. ಅಂಥ ಸಮಯದಲ್ಲಿ ದೇಶದ ಅತಿ ಗೌರವದ ಸಂಗೀತಗಾರನ ಮುಂದೆ ನಿಂತು ಅವರದೇ ಹಾಡುಗಳನ್ನು ಹಾಡುವುದು ಅಂದರೆ ಸಣ್ಣ ವಿಷಯ ಅಲ್ಲ. (ಮುಂದೆ 1979ರಲ್ಲಿ ಎಲಿಸ್ ಹಾಡಿದ ಒಂದು ಹಾಡಿನಲ್ಲಿ ಅದೇ ಎನ್‌ಫಿಲ್ ಅವರ ಗಡೀಪಾರಾದ ಅಣ್ಣನ ಉಲ್ಲೇಖ ಬರುತ್ತದೆ, ಅದು ರಾಜಕೀಯ ಕೈದಿಗಳ ಕ್ಷಮಾದಾನದ ಹೋರಾಟಕ್ಕೇ ಹಾಡಾಯಿತು. ಎಲಿಸ್ ಬಗ್ಗೆ ಓದುವಾಗ ನನಗೆ ತುಂಬಾ ಇಷ್ಟವಾದ ತಿರುವು ಇದು.)

ಈಗ ಮೂರನೆಯವರ ವಿಷಯ.

ಕವರ್ ಮೇಲೆ ಇಲ್ಲದ ಹೆಸರು ಸೆಜರ್ ಕಮಾರ್ಗೊ ಮರಿಯಾನೊ. 1943ರಲ್ಲಿ ಸಾವೊ ಪಾವ್ಲೊದಲ್ಲಿ ಹುಟ್ಟಿದವರು, ತಾವೇ ಕಲಿತ ಪಿಯಾನೊ ವಾದಕ. ಆಗ ಎಲಿಸ್ ಅವರ ಗಂಡ, ಅವರ ಬ್ಯಾಂಡಿನ ಮುಖ್ಯಸ್ಥ. ಈ ಆಲ್ಬಂನ ಬಹುತೇಕ ಹಾಡುಗಳ ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಯಾವಾಗ ಬರಬೇಕು, ಎಷ್ಟು ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವ ತೀರ್ಮಾನ ಎಲ್ಲಾ ಇವರದು. ಟಾಮ್‌ಗೆ ಇದು ಮೊದಲು ಒಪ್ಪಿಗೆ ಆಗಲಿಲ್ಲ. ತಮ್ಮ ಹಾಡುಗಳನ್ನು ಮೂವತ್ತರ ಹುಡುಗನೊಬ್ಬ, ಅದೂ ಎಲೆಕ್ಟ್ರಿಕ್ ಪಿಯಾನೊ ಮತ್ತು ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು ಜೋಡಿಸುತ್ತಾನೆ ಅಂದರೆ ಅವರಿಗೆ ಭಯ. ಬೇರೆ ಅರೇಂಜರ್ ಬೇಕು ಅಂತ ಫೋನ್ ಮೇಲೆ ಫೋನ್ ಮಾಡಿದ್ದರು ಅಂತ ಸೆಜರ್ ನಂತರದ ವರ್ಷಗಳಲ್ಲಿ ಹೇಳಿಕೊಂಡಿದ್ದಾರೆ. ಎಲಿಸ್ ಗಂಡನ ಪರ ಗಟ್ಟಿಯಾಗಿ ನಿಂತರು. ಮೊದಲ ದಿನಗಳಲ್ಲಿ ಎಲ್ಲಾ ಬಿಟ್ಟು ವಾಪಸ್ ಹೋಗುವ ಮಾತೂ ಬಂದಿತ್ತಂತೆ.

ಹೋಗದೇ ಇದ್ದದ್ದು ನಮ್ಮ ಅದೃಷ್ಟ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈ ಆಲ್ಬಂ ಇಷ್ಟು ಚೆನ್ನಾಗಿ ಬಂದಿರುವುದಕ್ಕೆ ಟಾಮ್ ಅವರ ಹಾಡುಗಳು ಎಷ್ಟು ಕಾರಣವೋ ಎಲಿಸ್ ಅವರ ದನಿ ಎಷ್ಟು ಕಾರಣವೋ ಅಷ್ಟೇ ಕಾರಣ ಸೆಜರ್. ಟಾಮ್ ಕೇಳಿದ ಹಾಗೆ ಪೂರ್ತಿ ಆರ್ಕೆಸ್ಟ್ರಾ ಇಟ್ಟು ಮಾಡಿದ್ದರೆ ಇದು ಇನ್ನೊಂದು ಚೆಂದದ ಜೋಬಿಂ ಆಲ್ಬಂ ಆಗುತ್ತಿತ್ತು, ಅಷ್ಟೇ. ಅಂಥವು ಆಗಲೇ ಬೇಕಾದಷ್ಟು ಇದ್ದವು.

ಕೇಳಬೇಕೆಂದರೆ ಮೂರನೇ ಹಾಡು ಹಾಕಿ, ‘ಸೊ ತಿನ್ಯಾ ಜಿ ಸೇರ್ ಕೊಂ ವೊಸೆ’. ನಿನ್ನ ಜೊತೆಗೇ ಆಗಬೇಕಿತ್ತು ಅನ್ನುವ ಅರ್ಥದ ಪ್ರೇಮಗೀತೆ. 1960ರ ದಶಕದ ಹಾಡು, ಇಲ್ಲಿ ಪೂರ್ತಿ ಹೊಸ ಬಟ್ಟೆ ತೊಟ್ಟಿದೆ. ಸೆಜರ್ ಅವರ ಎಲೆಕ್ಟ್ರಿಕ್ ಪಿಯಾನೊ ದುಂಡಗೆ, ಬೆಚ್ಚಗೆ ಕೂರುತ್ತದೆ. ಲುಯಿಜಾಂವ್ ಮಾಯಾ ಅವರ ಬೇಸ್ ಗಿಟಾರ್ ಕೆಳಗಿನಿಂದ ತಳ್ಳುತ್ತಾ ಇರುತ್ತದೆ, ಪಾವ್ಲೊ ಬ್ರಾಗಾ ಅವರ ಡ್ರಮ್ಸ್ ಎಲ್ಲೂ ಸದ್ದು ಮಾಡದೆ ಹಾಡನ್ನು ನಡೆಸುತ್ತದೆ. ಇಂಥ ಲಯದ ಮೇಲೆ ಎಲಿಸ್ ಹಾಡುವುದನ್ನು ಗಮನಿಸಿ. ತಾಳಕ್ಕೆ ಸರಿಯಾಗಿ ಬರುವುದೇ ಇಲ್ಲ, ಸ್ವಲ್ಪ ಹಿಂದೆ ನಿಲ್ಲುತ್ತಾರೆ, ಆಮೇಲೆ ಒಂದೇ ಉಸಿರಿನಲ್ಲಿ ಬಂದು ಸೇರಿಕೊಳ್ಳುತ್ತಾರೆ, ಸೇರಿಕೊಂಡದ್ದು ಯಾವಾಗ ಅಂತ ನಮಗೆ ಗೊತ್ತೇ ಆಗಿರುವುದಿಲ್ಲ. ಬ್ಯಾಂಡಿನವರು ವರ್ಷಗಟ್ಟಲೆ ಅವರ ಜೊತೆ ನುಡಿಸಿದವರಾದ್ದರಿಂದಲೇ ಇದು ಸಾಧ್ಯ. ಹೊಸಬರ ಜೊತೆ ಹೀಗೆ ಆಟ ಆಡೋಕೆ ಆಗಲ್ಲ.

ಮೊದಲ ಹಾಡಿನ ಬಗ್ಗೆ ಬರೆಯದೆ ಇರೋಕೆ ಆಗಲ್ಲ. ‘ಆಗ್ವಾಸ್ ಜಿ ಮಾರ್ಸೊ’, ಮಾರ್ಚ್ ತಿಂಗಳ ಮಳೆ. ಸಾಹಿತ್ಯ ಸಂಗೀತ ಎರಡೂ ಟಾಮ್ ಅವರದು. ಭೂಮಿಯ ಆ ಅರ್ಧದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ, ರಿಯೊ ಕಡೆ ಮಾರ್ಚ್‌ನ ಮಳೆ ಬಂತು ಅಂದರೆ ಬೇಸಿಗೆ ಮುಗೀತು ಅಂತ. ರಿಯೊ ರಾಜ್ಯದ ಬೆಟ್ಟದ ಸೀಮೆಯಲ್ಲಿ ತಮಗಿದ್ದ ತೋಟದ ಮನೆಯಲ್ಲಿ ಟಾಮ್ ಇದನ್ನು ಕಟ್ಟಿದ್ದು. ಮೊದಲು ಬಂದದ್ದು 1972ರಲ್ಲಿ, ನಾನು ಮೇಲೆ ಹೇಳಿದ ಅದೇ ‘ಓ ಪಾಸ್ಕಿಮ್’ ಪತ್ರಿಕೆಯವರು ತಂದ ಒಂದು ಪುಟ್ಟ ರೆಕಾರ್ಡಿನಲ್ಲಿ. ಅದೇ ವರ್ಷ ಎಲಿಸ್ ತಮ್ಮ ಆಲ್ಬಂನಲ್ಲೂ ಹಾಡಿದರು. ಆದರೆ ಲೋಕಕ್ಕೆ ನೆನಪಿರುವುದು ಈ 1974ರ ಜೋಡಿ ಹಾಡು. 2001ರಲ್ಲಿ ‘ಫೋಲ್ಯಾ ಡಿ ಸಾವೊ ಪಾವ್ಲೊ’ ಪತ್ರಿಕೆ ಇನ್ನೂರಕ್ಕೂ ಹೆಚ್ಚು ಪತ್ರಕರ್ತರು, ಕಲಾವಿದರನ್ನು ಕೇಳಿದಾಗ ಬ್ರೆಜಿಲ್‌ನ ಅತ್ಯುತ್ತಮ ಹಾಡು ಅಂತ ಬಂದದ್ದು ಇದೇ.

ಇದರಲ್ಲಿ ಕಥೆ ಅಂತ ಇಲ್ಲ. ಬರೀ ಪಟ್ಟಿ. ಕೋಲು, ಕಲ್ಲು, ದಾರಿಯ ಕೊನೆ, ಕಡಿದ ಮರದ ಬುಡ, ಗಾಜಿನ ಚೂರು, ರಾತ್ರಿ, ಸಾವು, ಗಾಳದ ಕೊಕ್ಕೆ, ಮೀನು, ಕೆಸರು. ಮಳೆ ನೀರು ಹರಿದು ಹೋಗುವಾಗ ತನ್ನ ಜೊತೆ ಏನೇನು ಹೊತ್ತು ಹೋಗುತ್ತದೋ ಅದೆಲ್ಲ ಒಂದರ ಹಿಂದೆ ಒಂದು. ಪಲ್ಲವಿಯಲ್ಲಿ ಮಾತ್ರ, ಈ ಮಳೆ ಬೇಸಿಗೆಯ ಬಾಗಿಲು ಹಾಕುತ್ತಿದೆ, ನಿನ್ನ ಎದೆಯಲ್ಲಿ ಬದುಕಿನ ಭರವಸೆ ಇದೆ ಅನ್ನುವ ಮಾತು. ರಾಗವೂ ಹಾಗೇ. ಹಾಡುವ ದನಿ ಎರಡು ಮೂರು ಸ್ವರಗಳ ಆಚೆ ಹೆಚ್ಚು ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ. ಬದಲಾಗುವುದು ಅದರ ಕೆಳಗಿನ ನೆಲ. ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತದೆ, ಮೇಲಿನ ಅದೇ ಸ್ವರ ಪ್ರತಿ ಮೆಟ್ಟಿಲಲ್ಲೂ ಬೇರೆ ಬಣ್ಣ ಪಡೆಯುತ್ತದೆ. ಒಮ್ಮೆ ದನಿಯನ್ನು ಬಿಟ್ಟು ಬರೀ ಬೇಸ್ ಮೇಲೆ ಕಿವಿ ಇಟ್ಟು ಕೇಳಿ, ಗೊತ್ತಾಗುತ್ತದೆ.

ಇಬ್ಬರೂ ಒಂದೊಂದು ಸಾಲು ಹಂಚಿಕೊಳ್ಳುತ್ತಾರೆ. ಆಮೇಲೆ ಅರ್ಧ ಸಾಲು. ಆಮೇಲೆ ಒಂದೊಂದು ಪದ. ಕೊನೆಕೊನೆಗೆ ಪದಗಳನ್ನೇ ಮುರಿದು ಬಾಲ ಮಾತ್ರ ಉಳಿಸಿಕೊಂಡು ಆಡುತ್ತಾರೆ, ಎಲಿಸ್‌ಗೆ ನಗು ತಡೆಯೋಕೆ ಆಗಲ್ಲ, ಆ ನಗುವನ್ನು ಹಾಗೇ ಬಿಟ್ಟಿದ್ದಾರೆ. ಆಗಿನ ಕಾಲದಲ್ಲಿ ಇನ್ನೊಂದು ಟೇಕ್ ತೆಗೆದುಕೊಂಡು ಸ್ವಚ್ಛ ಮಾಡಬಹುದಿತ್ತು, ಮಾಡಲಿಲ್ಲ. ಆಲ್ಬಂ ಕೆಲಸ ಶುರುವಾಗುವಾಗ ಮುಖ ಕೊಟ್ಟು ಮಾತನಾಡದ ಇಬ್ಬರು ಇಲ್ಲಿ ಮಕ್ಕಳ ಹಾಗೆ ಆಡುತ್ತಿದ್ದಾರೆ ಅಂತ ಗೊತ್ತಿದ್ದು ಕೇಳಿದರೆ ಆ ನಗು ಬೇರೆಯೇ ಕೇಳಿಸುತ್ತದೆ, ಅಲ್ವಾ?

ಎರಡನೇ ಹಾಡು ‘ಪೊಯಿಸ್ ಎ’ ಎರಡು ನಿಮಿಷವೂ ಇಲ್ಲ. ಶಿಕೊ ಬುವಾರ್ಕಿ ಅವರ ಸಾಹಿತ್ಯ. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಇನ್ನೊಂದು ಸುತ್ತು ಇದ್ದಿದ್ದರೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಶಿಕೊ ಬರೆದ ಇನ್ನೊಂದು ಹಾಡು ‘ಹೆತ್ರಾತು ಎಂ ಬ್ರಾಂಕು ಇ ಪ್ರೆತು’, ಕಪ್ಪು ಬಿಳುಪಿನ ಚಿತ್ರ. ನನಗೆ ಇಡೀ ಆಲ್ಬಂನಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದು. ಈ ದಾರಿಯ ಪ್ರತಿ ಕಲ್ಲೂ ನನಗೆ ಗೊತ್ತು, ಇದು ಎಲ್ಲಿಗೂ ಹೋಗಲ್ಲ ಅನ್ನುವುದೂ ಗೊತ್ತು, ಆದರೂ ಮತ್ತೆ ಇದೇ ದಾರಿಗೆ ಬಂದಿದ್ದೇನೆ ಅನ್ನುವ ಪ್ರೇಮಿಯ ಮಾತು. ರಾಗವೂ ಹಾಗೆಯೇ, ಪಕ್ಕಪಕ್ಕದ ಸ್ವರಗಳಲ್ಲೇ ತಿರುಗಿ ತಿರುಗಿ, ಹೊರಗೆ ಬರೋಕೆ ದಾರಿ ಸಿಗದವರ ಹಾಗೆ ಒದ್ದಾಡುತ್ತದೆ. ಇಂಥ ಹಾಡನ್ನು ಅತ್ತು ಹಾಡುವುದು ಸುಲಭ. ಎಲಿಸ್ ಅಳುವುದಿಲ್ಲ. ದನಿ ಎತ್ತುವುದೂ ಇಲ್ಲ. ಸಾಲಿನ ಕೊನೆಯ ಸ್ವರವನ್ನು ನಡುಗಿಸದೆ, ನೇರವಾಗಿ ಹಿಡಿದು, ಹಾಗೇ ಬಿಟ್ಟುಬಿಡುತ್ತಾರೆ. ಒಂಬತ್ತು ವರ್ಷದ ಹಿಂದೆ ಕೈ ಬೀಸಿ ಕೂಗಿ ಹಾಡಿದವರು ಇವರೇನಾ ಅನ್ನುವ ಹಾಗೆ. ಕೂಗುವ ಶಕ್ತಿ ಎಲ್ಲೂ ಹೋಗಿಲ್ಲ, ಒಳಗೆ ಇದೆ, ಹೊರಗೆ ಬಿಡುತ್ತಿಲ್ಲ ಅಷ್ಟೇ. ಕೇಳುವವರಿಗೆ ಅದು ಗೊತ್ತಾಗುತ್ತದೆ, ಅದಕ್ಕೇ ಎದೆ ಬಿಗಿಯುತ್ತದೆ. ಈಕೆಯ ದನಿಯಲ್ಲಿ ಜೀವ ಇಲ್ಲ ಅಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಪಿಯಾನೊ ಮತ್ತು ದನಿಯ ವಿಷಯಕ್ಕೆ ಬಂದರೆ ಎರಡು ಹಾಡು ಮುಖ್ಯ. ಎಲ್‌ಪಿ ರೆಕಾರ್ಡಿನ ಮೊದಲ ಬದಿ ಮುಗಿಯುವುದು ‘ಒ ಕಿ ತಿನ್ಯಾ ಜಿ ಸೇರ್’ ಹಾಡಿನಿಂದ, ಎರಡನೇ ಬದಿ ಮುಗಿಯುವುದು ‘ಇನೂಚಿಲ್ ಪೈಸಾಜೆಂ’ ಹಾಡಿನಿಂದ. ಎರಡರಲ್ಲೂ ಟಾಮ್ ಪಿಯಾನೊ ಮುಂದೆ ಕೂತಿದ್ದಾರೆ. ಬ್ಯಾಂಡ್ ಇಲ್ಲ. ಟಾಮ್ ಇಲ್ಲಿ ಎಷ್ಟು ಕಡಿಮೆ ನುಡಿಸುತ್ತಾರೆ ಅಂದರೆ ಕೆಲವು ಕಡೆ ಒಂದು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಕೆಲವು ಸ್ವರ, ಇಟ್ಟು ಸುಮ್ಮನಾಗುತ್ತಾರೆ, ಅದು ಪೂರ್ತಿ ಆರುವ ತನಕ ಎಲಿಸ್ ಆ ಖಾಲಿ ಜಾಗದಲ್ಲಿ ಒಬ್ಬರೇ ನಿಂತಿರುತ್ತಾರೆ. ಹಾಡುವವರಿಗೆ ಇದು ಭಯದ ಕೆಲಸ. ಶ್ರುತಿ ಕೂದಲೆಳೆ ಜಾರಿದರೂ ಬಚ್ಚಿಡೋಕೆ ಜಾಗ ಇಲ್ಲ. ಜಾರುವುದಿಲ್ಲ.

‘ಇನೂಚಿಲ್ ಪೈಸಾಜೆಂ’ ಹಾಡಿನ ಸಾಹಿತ್ಯ ನಿರ್ಮಾಪಕ ಅಲೋಯ್ಸಿಯೊ ಅವರದು. ನೀನೇ ಬರದಿದ್ದರೆ ಈ ಆಕಾಶ ಯಾಕೆ, ಈ ಕಡಲು ಯಾಕೆ ಅನ್ನುವ ಸರಳ ಮಾತು. ಯಾಕೆ ಅನ್ನುವ ಪ್ರಶ್ನೆಯನ್ನು ಎಲಿಸ್ ಪ್ರತಿ ಸಲ ಬೇರೆ ತೂಕದಲ್ಲಿ ಕೇಳುತ್ತಾರೆ. ಒಮ್ಮೆ ಬೇಸರ, ಒಮ್ಮೆ ಕೋಪ, ಒಮ್ಮೆ ನಿಜಕ್ಕೂ ಉತ್ತರ ಬೇಕು ಅನ್ನುವ ಹಾಗೆ. ಪೋರ್ಚುಗೀಸ್ ಬಾರದವರಿಗೂ ಇದು ತಿಳಿಯುತ್ತದೆ, ನನ್ನ ಮಾತು ನಂಬಿ.

ಟಾಮ್ ಮತ್ತು ಸೆಜರ್ ಇಬ್ಬರ ಪಿಯಾನೊ ಎಷ್ಟು ಬೇರೆ ಅನ್ನುವುದು ಇಲ್ಲೇ ಗೊತ್ತಾಗುವುದು. ಟಾಮ್ ಜಾಗ ಬಿಡುತ್ತಾರೆ. ಸೆಜರ್ ಜಾಗ ಹುಡುಕಿ ತುಂಬುತ್ತಾರೆ, ಆದರೆ ದನಿ ಇಲ್ಲದ ಕಡೆ ಮಾತ್ರ. ಎಲಿಸ್ ಉಸಿರು ತೆಗೆದುಕೊಳ್ಳುವ ಆ ಅರೆಕ್ಷಣದಲ್ಲಿ ಒಂದು ಪುಟ್ಟ ಎಳೆ ನುಡಿಸಿ, ಅವರು ಬಾಯಿ ತೆರೆಯುವ ಹೊತ್ತಿಗೆ ಸರಿದುಬಿಡುತ್ತಾರೆ. ‘ತ್ರಿಸ್ಚಿ’ ಮತ್ತು ‘ಬ್ರಿಗಸ್ ನುಂಕಾ ಮಾಯಿಸ್’ ಎರಡನ್ನೂ ಹೀಗೆ ಕೇಳಿ. ಟಾಮ್ ಜೊತೆ ಇರುವಾಗ ಎಲಿಸ್ ಎಚ್ಚರ, ಗೌರವ, ಸ್ವಲ್ಪ ದೂರ. ಸೆಜರ್ ಮತ್ತು ಬ್ಯಾಂಡಿನ ಜೊತೆ ಇರುವಾಗ ಮನೆಯಲ್ಲಿದ್ದ ಹಾಗೆ. ಈ ಎರಡು ಎಲಿಸ್ ಒಂದೇ ಆಲ್ಬಂನಲ್ಲಿ ಅಕ್ಕಪಕ್ಕ ಸಿಗುವುದರಿಂದಲೇ ಇದು ಅವರ ಬೇರೆ ಆಲ್ಬಂಗಳಿಗಿಂತ ಬೇರೆ. ನನ್ನ ದೃಷ್ಟಿಯಲ್ಲಿ ಕವರ್ ಮೇಲೆ ಮೂರು ಹೆಸರು ಇರಬೇಕಿತ್ತು.

ಗಿಟಾರ್ ಬಗ್ಗೆಯೂ ಒಂದು ಮಾತು. ಎಲಿಯೊ ಡೆಲ್ಮಿರೊ ಮತ್ತು ಆಸ್ಕರ್ ಕ್ಯಾಸ್ಟ್ರೊ ನೆವೆಸ್ ಇಬ್ಬರೂ ಇದ್ದಾರೆ, ಶಿಕೊ ಬಟೇರಾ ತಾಳವಾದ್ಯ. ಇವರಲ್ಲಿ ಯಾರೂ ಮುಂದೆ ಬಂದು ಕೈಚಳಕ ತೋರಿಸುವುದಿಲ್ಲ. ಇಷ್ಟು ದೊಡ್ಡ ವಾದಕರು ಇಷ್ಟು ಸುಮ್ಮನೆ ಇರುವ ಆಲ್ಬಂ ಸಿಗುವುದು ಅಪರೂಪ.

‘ಶೊವೆಂಡೊ ನಾ ಹೊಸೇರಾ’, ರೋಜಾ ಗಿಡದ ಮೇಲೆ ಬೀಳುವ ಮಳೆ, ಮೂರು ಎಣಿಕೆಯ ತಾಳದ ಹಾಡು. ಮೊದಲು ಸಾಹಿತ್ಯ ಇಲ್ಲದ ಬರೀ ವಾದ್ಯದ ರಾಗವಾಗಿತ್ತು ಇದು. ಅದಕ್ಕೇ ಹಾಡೋಕೆ ಕಷ್ಟ, ರಾಗ ಎಲ್ಲೆಂದರಲ್ಲಿ ಹಾರುತ್ತದೆ. ಎಲಿಸ್ ಗಂಟಲಿನಲ್ಲಿ ಆ ಕಷ್ಟದ ಗುರುತೇ ಇಲ್ಲ, ಹನಿ ಹನಿಯಾಗಿ ಉದುರುತ್ತದೆ. ಆಲ್ಬಂನಲ್ಲಿ ಸಂತೋಷಕ್ಕೆ ಅಂತ ಇರುವ ಕೆಲವೇ ಹಾಡುಗಳಲ್ಲಿ ಇದೊಂದು. ಬೆಳಿಗ್ಗೆ ಕೇಳೋಕೆ ಚೆನ್ನ.

‘ಸೊನೆತೊ ಜಿ ಸೆಪರಸಾಂವ್’ ಅನ್ನುವುದು ವಿನಿಸಿಯಸ್ 1938ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಬರೆದ 14 ಸಾಲಿನ ಕವನ. ನಗು ಇದ್ದಕ್ಕಿದ್ದಂತೆ ಅಳುವಾಗುವ, ಹತ್ತಿರದವರು ದೂರದವರಾಗುವ ಕ್ಷಣದ ಬಗ್ಗೆ. ಕವಿ ಬರೆದದ್ದನ್ನು ಸಂಗೀತಗಾರ ರಾಗಕ್ಕೆ ಕೂರಿಸಿ, ಪದ ಒಂದೂ ಮುರಿಯದ ಹಾಗೆ ಹಾಡಿಸುವುದು ಎಷ್ಟು ಕಷ್ಟ ಅಂತ ಭಾವಗೀತೆ ಕೇಳಿ ಬೆಳೆದ ನಮಗೆ ಬೇರೆ ಹೇಳಬೇಕಿಲ್ಲ. ಇಲ್ಲಿ ಟಾಮ್ ಕೂಡ ಹಾಡುತ್ತಾರೆ. ಅವರ ದನಿ ತರಬೇತಿ ಪಡೆದ ದನಿ ಅಲ್ಲ, ಒಡೆದ, ಒರಟು ದನಿ. ಎಲಿಸ್ ಅವರ ನುಣ್ಣನೆಯ ದನಿ ಪಕ್ಕ ಅದು ಬಂದಾಗ ಕವನಕ್ಕೆ ಬೇಕಾದ ವಯಸ್ಸು ಬಂದುಬಿಡುತ್ತದೆ. ಟಾಮ್ ಇನ್ನೂ ನಾಲ್ಕು ಹಾಡುಗಳಲ್ಲಿ ಹೀಗೆ ದನಿಗೂಡಿಸಿದ್ದರೆ ಅಂತ ನನ್ನ ಆಸೆ.

ಎಲ್ಲಾ ಹಾಡೂ ಇದೇ ಎತ್ತರದಲ್ಲಿ ಇವೆ ಅಂತ ನಾನು ಹೇಳುವುದಿಲ್ಲ. ‘ಪೊರ್ ತೋಡಾ ಆ ಮಿನ್ಯಾ ವಿಡಾ’ ಹಾಡಿನಲ್ಲಿ ತಂತಿ ವಾದ್ಯಗಳ ಭಾರ ಜಾಸ್ತಿ ಆಯಿತು. ಬಿಲ್ ಹಿಚ್‌ಕಾಕ್ ನಡೆಸಿದ ಆರ್ಕೆಸ್ಟ್ರಾ ಒಳ್ಳೆಯದೇ, ಆದರೆ ಇಲ್ಲಿ ಎಲಿಸ್ ಹೇಳುವುದನ್ನೇ ಅದು ಮತ್ತೊಮ್ಮೆ ದೊಡ್ಡದಾಗಿ ಹೇಳುತ್ತದೆ. ‘ಮೋಜಿನ್ಯಾ’ ಹಳೆ ಕಾಲದ ಗಂಭೀರ ಹಾಡು, ಎಲಿಸ್ ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಮೂರನೇ ಹಾಡಿನ ಲಯ ಮೈಗೆ ಹತ್ತುತ್ತಿರುವಾಗಲೇ ಅದನ್ನು ತಂದು ಇಟ್ಟದ್ದು ಯಾಕೆ ಅಂತ ನನಗೆ ಅರ್ಥ ಆಗಲ್ಲ. ಮೊದಲ ಬದಿಯ ಓಟ ಅಲ್ಲಿ ತುಂಡಾಗುತ್ತದೆ. ‘ತ್ರಿಸ್ಚಿ’ ಬಂದ ಮೇಲೇ ಮತ್ತೆ ಜೀವ. ‘ಕೊರ್ಕೊವಾಡೊ’ ಚೆಂದ, ಕಿಟಕಿಯಿಂದ ಬೆಟ್ಟ ಕಾಣುವ ಆ ನಿಧಾನದ ಹಾಡು ಯಾರು ಹಾಡಿದರೂ ಕೆಡುವುದು ಕಷ್ಟ. ಇಲ್ಲಿ ಇಬ್ಬರೂ ತುಂಬಾ ಮೆಲ್ಲಗೆ ಹಾಡಿದ್ದಾರೆ. ಆದರೆ ಅದಕ್ಕೆ ಬೇರೆ ಒಳ್ಳೊಳ್ಳೆ ರೆಕಾರ್ಡಿಂಗ್‌ಗಳೂ ಇವೆ. ‘ಹೆತ್ರಾತು’ ಹಾಡಿಗೆ ಮಾತ್ರ ಎಲಿಸ್ ಹಾಡಿದ ಮೇಲೆ ಇನ್ನೊಬ್ಬರು ಬೇಡ ಅನ್ನಿಸುತ್ತದೆ.

ಕೇಳುವುದು ಹೇಗೆ? ಫೋನಿನ ಸ್ಪೀಕರ್‌ನಲ್ಲಿ ದಯವಿಟ್ಟು ಬೇಡ. ಬೇಸ್ ಪೂರ್ತಿ ಕಳೆದುಹೋಗುತ್ತದೆ, ಬೇಸ್ ಹೋದರೆ ಮಾರ್ಚ್ ಮಳೆಯ ಹಾಡಿನಲ್ಲಿ ಅರ್ಧ ಹೋದ ಹಾಗೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು. ಹಾಡುಗಳನ್ನು ಹಿಂದೆ ಮುಂದೆ ಮಾಡದೆ, ಒಂದೇ ಸಲಕ್ಕೆ ಪೂರ್ತಿ ಕೇಳಿ. ಹಾಡುಗಳ ಅರ್ಥ ಮೊದಲೇ ಓದಿಕೊಂಡು ಕೂರಬೇಕು ಅಂತ ಏನಿಲ್ಲ, ನಾನಂತೂ ಮೊದಲು ಕೇಳಿ ಆಮೇಲೆ ಓದುವುದೇ ಒಳ್ಳೆಯದು ಅನ್ನುತ್ತೇನೆ. ದನಿ ಹೇಳಿದ್ದನ್ನು ಮೊದಲು ಕಿವಿಯೇ ಹಿಡಿಯಲಿ.

ಯಾವ ಆವೃತ್ತಿ ಅನ್ನುವ ಪ್ರಶ್ನೆಯೂ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ 14 ಹಾಡಿನ ಮೂಲ ಆಲ್ಬಂ ಸಿಗುತ್ತದೆ, ಅದೇ ಸಾಕು. ಎಲಿಸ್ ಅವರ ಹೆಸರಿನಲ್ಲಿ ಬೇಕಾದಷ್ಟು ಸಂಕಲನಗಳು ಸಿಗುತ್ತವೆ, ಇವುಗಳಲ್ಲಿ ಈ ಹಾಡುಗಳನ್ನು ಬೇರೆ ಕಾಲದ ಹಾಡುಗಳ ನಡುವೆ ಸೇರಿಸಿರುತ್ತಾರೆ, ಅವು ಬೇಡ. 2004ರಲ್ಲಿ ಬ್ರೆಜಿಲ್‌ನ ತ್ರಾಮಾ ಕಂಪನಿ ಮೂಲ ಟೇಪ್‌ಗಳಿಂದ ಹೊಸದಾಗಿ ಮಿಕ್ಸ್ ಮಾಡಿ ಇದನ್ನು ಮತ್ತೆ ತಂದಿತು. ಆ ಕೆಲಸದ ಮೇಲೆ ನಿಂತವರು ಸೆಜರ್. ಕಂಪನಿ ನಡೆಸುತ್ತಿದ್ದವರಲ್ಲಿ ಒಬ್ಬರು ಎಲಿಸ್ ಅವರ ಹಿರಿಯ ಮಗ ಜುವಾಂವ್ ಮಾರ್ಸೆಲೊ ಬೋಸ್ಕೊಲಿ. ಅದರಲ್ಲಿ ‘ಬೊನೀಟಾ’ ಅನ್ನುವ ಹಾಡು ಮತ್ತು ‘ಫೊತೊಗ್ರಾಫಿಯಾ’ ಹಾಡಿನ ಇನ್ನೊಂದು ರೂಪ ಜಾಸ್ತಿ ಇವೆ. ಸಿಕ್ಕರೆ ಬಿಡಬೇಡಿ. ವಾದ್ಯಗಳು ಇನ್ನೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೊದಲ ಸಲ ಕೇಳುವವರಿಗೆ ಮಾತ್ರ ನನ್ನ ಸಲಹೆ ಹಳೆಯ ಮಿಕ್ಸೇ. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಒತ್ತಾಗಿ ಕೂತಂತೆ ಕೇಳಿಸುತ್ತದೆ, ಅದೇ ಅದರ ಸೊಗಸು.

ನೋಡುವ ಆಸೆ ಇದ್ದರೆ ಇನ್ನೊಂದು ಖುಷಿಯ ವಿಷಯ ಇದೆ. ಸ್ಟುಡಿಯೊದಲ್ಲಿ ನಡೆದದ್ದನ್ನು ಆಗಲೇ ಕ್ಯಾಮೆರಾದಲ್ಲಿ ಹಿಡಿದಿದ್ದರು. ಆಗ ಎಲಿಸ್ ಅವರ ಮ್ಯಾನೇಜರ್ ಆಗಿದ್ದ ರೊಬೆರ್ತೊ ಡಿ ಒಲಿವೇರಾ ಆ ಫಿಲ್ಮ್ ಎಷ್ಟೋ ವರ್ಷ ಇಟ್ಟುಕೊಂಡಿದ್ದು ಅದರಿಂದ ಒಂದು ಸಾಕ್ಷ್ಯಚಿತ್ರ ಮಾಡಿದರು. 2023ರಲ್ಲಿ ಬ್ರೆಜಿಲ್‌ನ ಚಿತ್ರಮಂದಿರಗಳಿಗೆ ಬಂತು. ಮುಖ ಬಿಗಿದುಕೊಂಡ ಸೆಜರ್, ಸಿಗರೇಟ್ ಹೊಗೆಯ ನಡುವೆ ಟಾಮ್, ಅಳತೆ ಮಾಡಿ ಮಾತಾಡುವ ಎಲಿಸ್, ಎಲ್ಲರನ್ನೂ ನೋಡಬಹುದು. ಆಲ್ಬಂ ಕೇಳಿದ ಮೇಲೆ ನೋಡಿ, ಮೊದಲೇ ಬೇಡ.

ಈ ಆಲ್ಬಂ ಆಗಿ ಎಂಟು ವರ್ಷಕ್ಕೆ, 1982ರ ಜನವರಿಯಲ್ಲಿ, ಎಲಿಸ್ ತೀರಿಕೊಂಡರು. ಆಗ ಅವರಿಗೆ ಕೇವಲ 36 ವರ್ಷ. ಟಾಮ್ 1994ರವರೆಗೆ ಇದ್ದರು, ರಿಯೊದ ವಿಮಾನ ನಿಲ್ದಾಣಕ್ಕೆ ಈಗ ಅವರದೇ ಹೆಸರು. ಎಲಿಸ್ ಮತ್ತು ಸೆಜರ್ ಅವರ ಮಗಳು ಮರಿಯಾ ರೀಟಾ ಇವತ್ತು ಹೆಸರಾಂತ ಹಾಡುಗಾರ್ತಿ, ಮಗ ಪೆಡ್ರೊ ಮರಿಯಾನೊ ಕೂಡ ಹಾಡುತ್ತಾರೆ.

ಇದು ಹಿಡಿಸಿದರೆ ಮುಂದೆ ಏನು ಅಂದರೆ, ಎಲಿಸ್ ಅವರ 1972ರ ಆಲ್ಬಂ ಕೇಳಿ. ಹೆಸರು ಬರೀ ‘ಎಲಿಸ್’ ಅಂತ. ಅದರಲ್ಲಿ ಮಾರ್ಚ್ ಮಳೆಯ ಹಾಡನ್ನು ಅವರು ಟಾಮ್ ಇಲ್ಲದೆ ಒಬ್ಬರೇ ಹಾಡಿದ್ದಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಆಮೇಲೆ, ಬ್ಯಾಂಡೂ ಆರ್ಕೆಸ್ಟ್ರಾನೂ ಬೇಡ, ನಿಜವಾಗಿ ಒಬ್ಬ ಹಾಡುಗಾರ್ತಿ ಮತ್ತು ಒಂದು ಪಿಯಾನೊ ಬೇಕು ಅನ್ನುವವರು 1983ರ ‘ವೋಸ್ ಇ ಸುವೋರ್’ ಹುಡುಕಿ. ನಾನಾ ಕಾಯಿಮಿ ಹಾಡಿದ್ದಾರೆ. ಪಿಯಾನೊ ನುಡಿಸಿರುವುದು ಸೆಜರ್, ಆ ಕವರ್ ಮೇಲೆ ಅವರ ಹೆಸರು ದೊಡ್ಡದಾಗಿಯೇ ಇದೆ.